ಆಕ್ಷೇಪಣೆ ಇದ್ದರೆ ತಿಳಿಸುವುದು

ಹೊಸೂರು
8-12-1946

ಯಜಮಾನರ ಪಾದಗಳಿಗೆ ಜಾನಕಮ್ಮನ ನಮಸ್ಕಾರಗಳು.

ನಾನೂ ಅಲಮೇಲುವೂ ಆರೋಗ್ಯವಾಗಿದ್ದೇವೆ. ನಿಮ್ಮ ಆರೋಗ್ಯದ ಬಗ್ಗೆ ನೀವು ಒಂದಕ್ಷರವನ್ನೂ ಬರೆಯುವುದಿಲ್ಲವಾದ್ದರಿಂದ ಚೆನ್ನಾಗಿದೆ ಎಂದೇ ಇಟ್ಟುಕೊಂಡಿದ್ದೇನೆ. ಉತ್ತರ ತಡವಾಯಿತು, ಮನ್ನಿಸಬೇಕು. ಅವರೆಕಾಯಿ ಕಾಲ, ಕಲಾಯಿ ಹಾಕುವವನು ಬಂದು ಕೂತಿದ್ದ, ಮಳೆಗೆ ಹಿತ್ತಲ ಗೋಡೆಯ ಮೂಲೆ ಕುಸಿದಿತ್ತು. ಇವೆಲ್ಲ ನಿಜವೇ. ಆದರೆ ಒಂದು ಕಾಗದ ಬರೆಯುವುದಕ್ಕೆ ಇವು ಅಡ್ಡಿಯಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಕಾಗದವನ್ನು ಅಲಮೇಲು ಜೋರಾಗಿ ಓದಿದಳು. ಉತ್ತರದ ಕಡೆ ಗಲಭೆಯಾದ ಹಳ್ಳಿಗಳಿಗೆ ಆಶ್ರಮದಿಂದ ಕೆಲವರು ಹೊರಟಿದ್ದಾರೆ, ಸಂಕ್ರಾಂತಿ ಕಳೆದೊಡನೆ ನೀವೂ ಹೋಗುತ್ತೀರಿ, ವಾಪಸಾಗುವುದು ಯಾವ ವರ್ಷವೋ ತಿಳಿಯದು. ಕೊನೆಗೆ, 'ಮನೆಯ ಕಡೆಯಿಂದ ಆಕ್ಷೇಪಣೆ ಇದ್ದರೆ ತಿಳಿಸುವುದು.' ಓದಿ ಮುಗಿಸಿ ಅಲಮೇಲು ನಕ್ಕಳು. "ಅಪ್ಪ ಪೊಲೀಸು ಬಿಟ್ಟು ನಾಲ್ಕು ವರ್ಷ ಆದರೂ ಪೊಲೀಸು ಅಪ್ಪನ್ನ ಬಿಟ್ಟಿಲ್ಲಮ್ಮ" ಎಂದಳು. ನಾನು ನಗಲಿಲ್ಲ.

ಒಂದು ಮಾತನ್ನು ಮುಂಚೆಯೇ ಹೇಳಿಬಿಡುತ್ತೇನೆ. ನಿಮ್ಮ ಜೊತೆ ಸೆರೆಮನೆಯಿಂದ ಬಿಡುಗಡೆಯಾದವರೆಲ್ಲ ಅವರವರ ಮನೆಗೆ ಬಂದರು. ನೀವು ಸೇಲಂ ಆಚೆಯ ಆಶ್ರಮಕ್ಕೆ ಹೋದಿರಿ. ಯಾಕೆಂದು ಆಗ ಕೇಳಿದ್ದಕ್ಕೆ ನೀವು ಬರೆದ ಉತ್ತರ ನನಗೆ ಬಾಯಿಪಾಠವಾಗಿದೆ. 'ಅಂದು ನಾನು ಠಾಣೆಯಿಂದ ಹೊರಟಾಗ ನೀನು ಬಾಗಿಲಲ್ಲೇ ನಿಂತಿದ್ದೆ. ತಾನಾಗಿ ತಿರುಗಿ ನೋಡಿದರೆ ಕಾಲು ನಿಂತುಬಿಡುತ್ತದೆಂದು ನಾನು ತಿರುಗಲಿಲ್ಲ. ಆದರೆ ನೀನು ಒಂದು ಸಲ ಕರೆದಿದ್ದರೆ ಸಾಕಿತ್ತು. ಗೇಟಿನವರೆಗೂ ಕಿವಿಗೊಟ್ಟು ನಡೆದೆ. ನೀನು ಕರೆಯಲಿಲ್ಲ. ನಾನು ಮಾಡಿದ್ದು ನಿನಗೆ ಒಪ್ಪಿಗೆಯಿಲ್ಲ ಎಂದು ತಿಳಿದೆ.' ಅದಕ್ಕೆ ನಾನು ಅಂದು ಉತ್ತರ ಕೊಡಲಿಲ್ಲ. ಈಗಲೂ ಆ ವಿಷಯ ಬೇಡ.

ಇಲ್ಲಿಯ ಸಮಾಚಾರ ಕೇಳಿ. ಅಲಮೇಲು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ ಕ್ಲಾಸಿಗೆ ಪಾಠ ಮಾಡುತ್ತಿದ್ದಾಳೆ. ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ತಮಿಳು. ಇವಳ ಗಂಟಲು ಒಣಗಿರುತ್ತದೆ ಸಂಜೆಯ ಹೊತ್ತಿಗೆ. ಹೋದ ವಾರ ರೇಷನ್ ಕಾರ್ಡು ಹೊಸದು ಮಾಡಿಸಲು ಹೋಗಿದ್ದೆವು. ಗುಮಾಸ್ತ ಹೊಸಬ. "ಯಜಮಾನರ ಹೆಸರೇನಮ್ಮ?" ಎಂದ. ನಾನು ಅಲಮೇಲುವಿನ ಮುಖ ನೋಡಿದೆ. ಅವಳು ಯಾರ ಜೊತೆಗೋ ಮಾತಾಡುತ್ತಿದ್ದಳು. ಅವನು ಇನ್ನೊಂದು ಸಲ ಕೇಳಿ, ನಾನು ಬಾಯಿ ಬಿಡದ್ದನ್ನು ಕಂಡು, ಮೆಲ್ಲಗೆ ತಲೆಯೆತ್ತಿ ನನ್ನ ಹಣೆ ನೋಡಿದ. ಕುಂಕುಮ ಇತ್ತು. ಅವನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಅಲಮೇಲು ಬಂದು ಹೆಸರು ಹೇಳಿದಳು. ನಿಮ್ಮ ತಾಯಿ ಇದ್ದಿದ್ದರೆ, ಗಂಡನ ಹೆಸರು ಹೆಂಗಸರ ಬಾಯಿಂದ ಹೊರಡಿಸಲು ನೋಡುವ ಸರಕಾರ ಎಂಥ ಸರಕಾರ ಎಂದು ಅಲ್ಲೇ ಕೇಳುತ್ತಿದ್ದರು. ನಾನು ಕೇಳಲಿಲ್ಲ.

ಕಲಾಯಿಯವನು ಪಾತ್ರೆಗಳನ್ನೆಲ್ಲ ಬೆಳ್ಳಗೆ ಮಾಡಿಕೊಟ್ಟ. ಆ ಹಿತ್ತಾಳೆ ಚೊಂಬಿನ ಹೊಟ್ಟೆ ನೆಗ್ಗಿದೆಯಲ್ಲ, ಅದನ್ನು ಬಡಿದು ಸರಿ ಮಾಡುತ್ತೇನೆ ಎಂದ. ಬೇಡ, ಹಾಗೇ ಇರಲಿ ಎಂದೆ. ಇದು ಯಾವಾಗ ನೆಗ್ಗಿತು ಎಂದು ಅಲಮೇಲು ಕೇಳಿದಳು. ಕೈಜಾರಿತು ಎಂದೆ.

ಗೋಡೆ ಕಟ್ಟಲು ಗುಮ್ಮಳಾಪುರದಿಂದ ಪಾಪಣ್ಣ ಬಂದಿದ್ದಾನೆ. ನಲವತ್ತೆರಡರ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದರೆಂದು ನಿಮ್ಮ ಲಾಕಪ್ಪಿನಲ್ಲಿ ಕೂಡಿಹಾಕಿದ್ದ ರೈತರಲ್ಲಿ ಅವನೂ ಒಬ್ಬ, ನಿಮಗೆ ನೆನಪಿರಬೇಕು. ಪ್ರತಿ ಸಲ ಬರುವಾಗ ಅವರೆಕಾಯಿಯನ್ನೋ ರಾಗಿಯನ್ನೋ ಹೊತ್ತು ತರುತ್ತಾನೆ. ಬೇಡವೆಂದರೆ, "ನಿಮ್ಗಲ್ಲ ಅಮ್ಮಾವ್ರೇ, ನಮ್ ಇನ್ಸ್‌ಪೆಕ್ಟ್ರಪ್ಪೋರ್ ಮನೇಗೆ" ಎನ್ನುತ್ತಾನೆ. ಈ ಸಲ ಗೋಡೆಯ ಹತ್ತಿರಕ್ಕೂ ಹೋಗದೆ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತ.

"ಗ್ವಾಡೆ ಎಲ್ಲೂ ಓಡೋಗಾಕಿಲ್ಲ ಅಮ್ಮಾವ್ರೇ. ನೀವ್ ಮೊದ್ಲು ಟೆಂಟಿಗ್ ಬನ್ನಿ. ನಮ್ ಇನ್ಸ್‌ಪೆಕ್ಟ್ರಪ್ಪೋರ್ ಕಥೆ ಹಾಕವ್ರೆ" ಎಂದ.

ಬೆಟ್ಟದ ಕೆಳಗಿನ ಬಯಲಿನಲ್ಲಿ ಟೂರಿಂಗ್ ಸಿನಿಮಾದವರು ಡೇರೆ ಹಾಕಿದ್ದಾರೆ. ಇಂಗ್ಲಿಷ್ ಸಿನಿಮಾ, ಬರೀ ಕುದುರೆ, ಬಂದೂಕು. "ಬಿಳಿಯರ ಆಟದಲ್ಲಿ ನಮ್ಮ ಮನೆಯವರ ಕಥೆ ಯಾಕಪ್ಪ ಬರುತ್ತೆ?" ಎಂದೆ.

"ಅದೆಂಗ್ ಗೊತ್ತಾಯ್ತೋ ಆ ನನ್ಮಕ್ಳಿಗೆ, ನಾನೇನ್ ಹೇಳ್ಲಿ! ಅವ್ನೂ ಇನ್ಸ್‌ಪೆಕ್ಟ್ರೇ. ಅವ್ನೂ ಬೀಗ ತಗ್ದು ರೈತರ್ನ ಬಿಟ್ಬುಡ್ತಾನೆ. ಎದೆ ಮ್ಯಾಲಿನ್ ಬಿಲ್ಲೆ ಕಿತ್ತು ಮೇಜಿನ್ ಮ್ಯಾಲೆ ಮಡುಗ್ಬುಡ್ತಾನೆ. ನಾನ್ ಮೂರ್ ಕಿತ ನೋಡ್ದೆ ಅಮ್ಮಾವ್ರೇ. ಮೂರ್ ಕಿತಾನೂ ಅತ್ಬುಟ್ಟೆ."

ನನಗೆ ಡೇರೆಗಳಲ್ಲಿ ಕೂರುವ ಅಭ್ಯಾಸವಿಲ್ಲ, ಗೋಡೆ ಕಟ್ಟು ಎಂದು ಕಳಿಸಿದೆ.

ಇರಲಿ. ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ನನ್ನದೇನೂ ಆಕ್ಷೇಪಣೆ ಇಲ್ಲ. ಉತ್ತರದ ಚಳಿ ನಮ್ಮ ಹೊಸೂರಿನ ಚಳಿಯಂತಲ್ಲ ಎನ್ನುತ್ತಾರೆ. ಕಂಬಳಿ ಇಟ್ಟುಕೊಳ್ಳಿ. ಅಲಮೇಲುವಿಗೆ ನಿಮ್ಮ ಆಶೀರ್ವಾದ ಇರಲಿ.

ಇಂತಿ,
ಜಾನಕಮ್ಮ

ಲಕೋಟೆಯ ಮೇಲಿನ ವಿಳಾಸವನ್ನು ಎಂದಿನಂತೆ ಅಲಮೇಲು ಬರೆಯುತ್ತಾಳೆ. ಅವಳ ಅಕ್ಷರ ಈಗ ದುಂಡಗಾಗಿದೆ, ನೋಡಿ.


ಹೊಸೂರು
2-1-1947

ಯಜಮಾನರ ಪಾದಗಳಿಗೆ ನಮಸ್ಕಾರಗಳು.

ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ನಮ್ಮ ಮದುವೆಯಾದಂದಿನಿಂದ ನಾನು ಹೀಗೆ ಮಾಡಿದವಳಲ್ಲ. ಯಾರಿಗೂ ಮೈ ಸರಿಯಿಲ್ಲದೆ ಇಲ್ಲ, ಗಾಬರಿಯಾಗಬೇಡಿ. ಹಿಂದಿನದನ್ನು ಬರೆದ ಮೇಲೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಮಾತ್ರ ಮನ್ನಿಸಬೇಕು. ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ಸಂಕ್ರಾಂತಿಗೆ ಇನ್ನೂ ಕೆಲವು ದಿನಗಳಿರಬೇಕೆಂದು ಈ ದಿನವೇ ಟಪಾಲಿಗೆ ಹಾಕಿಸುತ್ತಿದ್ದೇನೆ.

ಧನುರ್ಮಾಸ ನಡೆಯುತ್ತಿದೆ. ಬೆಳಗ್ಗೆ ಬೆಟ್ಟದ ಮೇಲಿನ ದೇವಸ್ಥಾನದ ಗಂಟೆ ಕೇಳುತ್ತದೆಯೇ ಹೊರತು ಮಂಜಿನಲ್ಲಿ ಬೆಟ್ಟ ಕಾಣುವುದಿಲ್ಲ. ಹುಗ್ಗಿಗೆ ಮೆಣಸು ಜಾಸ್ತಿ ಹಾಕುತ್ತೇನೆಂದು ಅಲಮೇಲು ಗೊಣಗುತ್ತಾಳೆ. ಈ ಮನೆಯಲ್ಲಿ ಹುಗ್ಗಿಗೆ ಮೆಣಸು ಇಷ್ಟೇ, ಯಾರಿಗಾಗಿ ಹಾಕಿದರೂ ಇಷ್ಟೇ ಎಂದೆ. ಯಾರಿಗಾಗಿ ಎಂದು ಅವಳು ಕೇಳಲಿಲ್ಲ. ಗೋಡೆ ಎದ್ದಿದೆ. ಸ್ವಲ್ಪ ಸೊಟ್ಟಗಿದೆ. ಪಾಪಣ್ಣ ಕಟ್ಟುವ ಹೊತ್ತಿನಲ್ಲೆಲ್ಲ ಸಿನಿಮಾದ ಕಥೆಯನ್ನೇ ಹೇಳುತ್ತಿದ್ದ, ಗೋಡೆ ನೆಟ್ಟಗೆ ಹೇಗೆ ಬರುತ್ತದೆ?

ಕೊನೆಗೆ ಆ ಸಿನಿಮಾಕ್ಕೆ ಹೋದೆ. ಅಲಮೇಲು ಹಟ ಹಿಡಿದಳು, ಪಾಪಣ್ಣ ಎತ್ತಿನ ಗಾಡಿಯನ್ನೇ ಬಾಗಿಲಿಗೆ ತಂದು ನಿಲ್ಲಿಸಿದ. "ಇಂಗ್ಲಿಷ್ ಓದಿದೋರು ಊರ್‍ನಾಗೆ ನೀವೊಬ್ರೇ ಹೆಂಗಸ್ರು. ಆ ಕಥೆ ಹೇಳೋನು ದಿಟ ಹೇಳ್ತಾನೋ ಸುಳ್ ಬಿಡ್ತಾನೋ ನೀವೇ ಹೇಳ್ಬೇಕು" ಎಂದ. ಅಲಮೇಲುವಿನದು ಬರೀ ತಮಿಳು ಓದು. ಹೈಸ್ಕೂಲಿನಲ್ಲಿ ನಾಲ್ಕನೆಯ ಫಾರಂವರೆಗೆ ಓದಿದವಳಿಗೆ ಇಷ್ಟು ಮರ್ಯಾದೆ ಸಿಕ್ಕಿದರೆ ಹೋಗದಿರುವುದು ಹೇಗೆ? ಸಂಜೆಯ ಆಟಕ್ಕೆ ಹೋದೆವು.

ಡೇರೆಯ ಬಾಗಿಲಲ್ಲಿ ಬಂದೋಬಸ್ತಿಗೆ ನಿಂತಿದ್ದವನು ಕೊಂಡಪ್ಪ. ನಿಮ್ಮ ಕೈಕೆಳಗಿದ್ದ ಕಾನ್‌ಸ್ಟೇಬಲ್ ಕೊಂಡಪ್ಪನೇ. ಅವನನ್ನು ಈಗ ಹೊಸೂರಿಗೆ ಹಾಕಿದ್ದಾರೆ. ಮೀಸೆ ಬೆಳ್ಳಗಾಗಿದೆ. ನನ್ನನ್ನು ಕಂಡವನೇ ಕಾಲು ಜೋಡಿಸಿ ಸಲ್ಯೂಟ್ ಹೊಡೆದ. ಸುತ್ತಲಿದ್ದವರು ತಿರುಗಿ ನೋಡಿದರು. ನೀವು ಹೋದ ಮೇಲೆ ನಿಮ್ಮ ಉಡುಪನ್ನು ಸರಕಾರಕ್ಕೆ ವಾಪಸು ಒಯ್ಯಲು ಬಂದಿದ್ದವನೂ ಇವನೇ. ಆಗ ಅವನನ್ನು ಎರಡು ದಿನ ಕಾಯಿಸಿದ್ದೆ. ಒಗೆಸಿ, ಇಸ್ತ್ರಿ ಮಾಡಿಸಿ, ಗುಂಡಿಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಕೊಟ್ಟೆ. ಕೊಳಕು ಬಟ್ಟೆ ಒಪ್ಪಿಸಿ ಹೋದರು ಎಂದು ನಿಮ್ಮ ಬಗ್ಗೆ ಯಾರೂ ಹೇಳಬಾರದು.

ಹೆಂಗಸರಿಗೆ ಒಂದು ಪಕ್ಕಕ್ಕೆ ಗೋಣಿತಟ್ಟಿನ ಅಡ್ಡ ಕಟ್ಟಿದ್ದರು. ನೆಲದ ಮೇಲೆ ಮರಳು ಹಾಸಿತ್ತು. ನಾವು ಮನೆಯಿಂದ ಒಯ್ದ ಚಾಪೆಯ ಮೇಲೆ ಕೂತೆವು. ಪರದೆಯ ಪಕ್ಕದಲ್ಲಿ ಕೈಯಲ್ಲೊಂದು ಕೋಲು ಹಿಡಿದು ದುಂಡನೆಯ ಒಬ್ಬ ಮನುಷ್ಯ ನಿಂತಿದ್ದ. ಚಿನ್ನಸ್ವಾಮಿಯಂತೆ. ಇಂಗ್ಲಿಷ್ ಬಾರದ ಜನಕ್ಕೆ ಕಥೆ ಹೇಳುವುದೇ ಅವನ ಕೆಲಸ. ಮೊದಲು ತಮಿಳಿನಲ್ಲಿ ಹೇಳುತ್ತಾನೆ, ಆಮೇಲೆ ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ. ಅಷ್ಟರಲ್ಲಿ ಪರದೆಯ ಮೇಲಿನವರು ಇನ್ನೆರಡು ಸಲ ಗುಂಡು ಹಾರಿಸಿರುತ್ತಾರೆ. "ಬಿರ್‍ನೆ ಹೇಳಯ್ಯೋ, ನಮ್ ಪಾಲಿಗ್ ಬರೋ ವತ್ತಿಗೆ ಸತ್ತೋದೋನು ಹೂಳ್ಸ್ಕಂಡಿರ್ತಾನೆ" ಎಂದು ಯಾರೋ ಕೂಗಿದರು.

ಕಥೆ ಹೀಗೆ. ಬಯಲುಸೀಮೆಯ ಒಂದು ಊರು. ಅಲ್ಲೊಬ್ಬ ಪೊಲೀಸು ಅಧಿಕಾರಿ, ಹೆಸರು ಬೆನ್. ಎದೆಯ ಮೇಲೆ ನಕ್ಷತ್ರದಂಥ ಬಿಲ್ಲೆ. ಆ ಸೀಮೆಯ ದೊಡ್ಡ ಜಮೀನ್ದಾರ ಹೊಳೆಗೆ ಬೇಲಿ ಹಾಕಿಸುತ್ತಾನೆ. ರೈತರು ಬೇಲಿ ಮುರಿಯುತ್ತಾರೆ. ಮುರಿದವರನ್ನು ಹಿಡಿದು ತಾ ಎಂದು ಮೇಲಿನಿಂದ ಹುಕುಂ. ಹಿಡಿದು ತಂದು ಕೂಡಿಹಾಕುತ್ತಾನೆ. ನೇಣು ಹಾಕಬೇಕೆಂದು ಹುಕುಂ ಬಂದಾಗ ಮಾತ್ರ ಬಹಳ ಹೊತ್ತು ಬೀಗದ ಕೈಯನ್ನೇ ನೋಡುತ್ತಾ ಕೂತಿರುತ್ತಾನೆ. ಆಮೇಲೆ ಏಳುತ್ತಾನೆ.

ನಾನು ಅಲಮೇಲುವಿನ ಕಡೆ ನೋಡಲಿಲ್ಲ. ಅವಳೂ ನನ್ನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಗೋಣಿತಟ್ಟಿನ ಆಚೆಯಿಂದ ಪಾಪಣ್ಣನ ಗಂಟಲು ಕೇಳಿತು. "ಈಗ್ ನೋಡ್ರಲಾ, ಈಗ್ ನೋಡ್ರಿ! ತೆಗೀತಾನೆ! ನಮ್ಗೂ ಇಂಗೇ ಕಣ್ರಲಾ ತಗ್ದಿದ್ದು! ಆಚೆಗ್ ಬನ್ರಪ್ಪಾ ಅಂದ್ರು, ನಾವ್ ಬಡ್ಯಕ್ ಕರೀತಾವ್ರೆ ಅಂತ ಮೂಲೆಗ್ ಒತ್ಕಂಡ್ವಿ!" ಜನ ನಕ್ಕರು. ಚಿನ್ನಸ್ವಾಮಿಗೂ ಯಾರೋ ಕಿವಿಯಲ್ಲಿ ಹೇಳಿರಬೇಕು. ಅಲ್ಲಿಂದಾಚೆ ಅವನು ಕನ್ನಡದಲ್ಲಿ ಹೇಳುವಾಗೆಲ್ಲ ಬೆನ್ ಎನ್ನುವುದನ್ನು ಬಿಟ್ಟು 'ನಮ್ಮ ಇನ್ಸ್‌ಪೆಕ್ಟ್ರು' ಎನ್ನತೊಡಗಿದ.

ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟಾಗ ನನಗೇನೂ ಅನ್ನಿಸಲಿಲ್ಲ. ನಿಮ್ಮದನ್ನು ನಾನು ಕಂಡಿರಲಿಲ್ಲವಲ್ಲ, ಕೊಂಡಪ್ಪ ಹೇಳಿದ್ದು ಕೇಳಿದ್ದೇ. ಆ ಮನುಷ್ಯ ಹೊರಗೆ ಬಂದು ಟೋಪಿ ತೆಗೆದು ಮುಂಗೈಯಿಂದ ಹಣೆ ಒರೆಸಿಕೊಂಡ ನೋಡಿ, ಆಗ ನನಗೆ ಚಾಪೆಯ ಮೇಲೆ ಕೂರಲಾಗಲಿಲ್ಲ. ನೀವೂ ಅಂಗೈಯಿಂದ ಒರೆಸಿಕೊಂಡವರಲ್ಲ. ಅಂಗೈ ಕೊಳೆ, ಕುದುರೆಯ ಲಗಾಮು ಹಿಡಿದದ್ದು ಎನ್ನುತ್ತಿದ್ದಿರಿ.

ಕುದುರೆಯ ವಿಷಯ ಹೇಳುತ್ತೇನೆ, ನಗಬೇಡಿ. ನೀವು ಜವಳಗಿರಿಯ ಕಾಡುದಾರಿಯಲ್ಲಿ ಗಸ್ತಿಗೆ ಹೋಗುತ್ತಿದ್ದಾಗ ಒಂದು ಕಂದು ಕುದುರೆ ಇತ್ತಲ್ಲ, ಆನೆಯ ವಾಸನೆಗೆ ನಿಂತಲ್ಲೇ ನಿಂತುಬಿಡುತ್ತಿದ್ದದ್ದು. ಅದು ಊರಮುಂದಿನ ಸೇತುವೆಗೆ ಬಂದೊಡನೆ ಗೊರಸಿನ ಸದ್ದು ಬದಲಾಗುತ್ತಿತ್ತು. ಆ ಸದ್ದಿಗೆ ನಾನು ಅನ್ನಕ್ಕೆ ಇಡುತ್ತಿದ್ದೆ. ನೀವು ಕುದುರೆ ಕಟ್ಟಿ, ಕಾಲು ತೊಳೆದು ಬಂದು ಕೂರುವಷ್ಟರಲ್ಲಿ ಅನ್ನ ಆಗಿರುತ್ತಿತ್ತು. ಎಲ್ಲಿಂದ ಬಂದಿರಿ, ಯಾಕೆ ತಡ ಎಂದು ನಾನು ಕೇಳಿದವಳಲ್ಲ, ಬಿಸಿ ಅನ್ನ ಹೇಗೆ ಸಿದ್ಧವಾಗಿತ್ತು ಎಂದು ನೀವು ಕೇಳಿದವರಲ್ಲ. ಡೇರೆಯೊಳಗೆ ಆ ಬೆನ್‌ನ ಕುದುರೆ ಮರದ ಸೇತುವೆಯ ಮೇಲೆ ಬಂತು. ನಾನು ಎದ್ದು ನಿಂತುಬಿಟ್ಟೆ. ಯಾಕೆ ಎದ್ದೆ ಎಂದು ನನಗೇ ತಿಳಿಯಲಿಲ್ಲ. ಹಿಂದಿನಿಂದ, "ಕುಂತ್ಕಳಮ್ಮೋ, ಪರದೆ ಕಾಣಾಕಿಲ್ಲ" ಎಂದರು. ಅಲಮೇಲು ಸೆರಗು ಹಿಡಿದು ಕೂರಿಸಿದಳು.

ಆ ಬೆನ್‌ಗೆ ಹೆಂಡತಿ ಇದ್ದಾಳೆ. ಅವನು ಬಿಟ್ಟ ರೈತರೊಂದಿಗೆ ಅವನೂ ಊರು ಬಿಟ್ಟು ಹೊರಟಾಗ ಅವಳು ಮನೆಯ ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಧೂಳೆದ್ದಿದೆ, ಕುದುರೆಗಳು, ಕೂಗಾಟ. ಅವನು ತಿರುಗಿ ನೋಡುವುದಿಲ್ಲ. ಅವಳು ಎರಡು ಹೆಜ್ಜೆ ಓಡಿಬಂದು, ಬಾಯಿ ತುಂಬ, "ಬೆನ್!" ಎಂದು ಕರೆಯುತ್ತಾಳೆ.

ಹೆಂಗಸರ ಕಡೆಯೆಲ್ಲ ಗದ್ದಲವೆದ್ದಿತು. ನನ್ನ ಹಿಂದೆ ಕೂತಿದ್ದ ಮುನಿರತ್ನಮ್ಮ, ಹೂ ಮಾರುವವಳು, ಗಲ್ಲಗಲ್ಲ ಬಡಿದುಕೊಂಡಳು. "ಅಯ್ಯಯ್ಯೋ, ಕಟ್ಕಂಡ್ ಗಂಡನ್ ಹೆಸ್ರಿಡ್ದು ಕೂಗ್ತಾವ್ಳಲ್ಲವ್ವಾ! ನಾಲ್ಗೆ ಸೇದೋಗಾಕಿಲ್ವಾ ಇವ್ಳಿಗೆ!"

ಪಕ್ಕದವಳು, ಯಾರೋ ನನಗೆ ಗುರುತಿಲ್ಲ, ಎಲೆಯಡಿಕೆ ಅಗಿಯುತ್ತಲೇ, "ಕೂಗಿದ್ಕೇ ಕಣಮ್ಮಿ ಅವ್ನು ತಿರುಗಿದ್ದು. ನೀನೂ ಕೂಗಿದ್ರೆ ನಿನ್ ಗಂಡ ಸಾರಾಯಂಗ್ಡಿ ಮುಂದೇನಾರ ತಿರುಗ್ತಿದ್ನೇನೋ" ಎಂದಳು.

ಡೇರೆಯೇ ಬಿದ್ದುಹೋಗುವಂತೆ ಎಲ್ಲರೂ ನಕ್ಕರು. ಮುನಿರತ್ನಮ್ಮನೂ ನಕ್ಕಳು. ಅಲಮೇಲುವೂ ನಕ್ಕಳು. ಪರದೆಯ ಮೇಲೆ ಅವನು ನಿಜವಾಗಿಯೂ ತಿರುಗಿದ್ದ. ಕುದುರೆಯನ್ನು ತಿರುಗಿಸಿಕೊಂಡು ಅವಳ ಹತ್ತಿರ ಬಂದ. ಅವಳು ಅವನು ಕಾಲಿಟ್ಟಿದ್ದ ರಿಕಾಪನ್ನು ಹಿಡಿದುಕೊಂಡು ಏನೋ ಹೇಳಿದಳು. ಯಂತ್ರದ ಗೊರಗೊರ ಸದ್ದಿನಲ್ಲಿ ನನ್ನ ನಾಲ್ಕನೆಯ ಫಾರಮ್ಮಿನ ಇಂಗ್ಲಿಷು ಯಾವುದಕ್ಕೂ ಸಾಲಲಿಲ್ಲ. ಚಿನ್ನಸ್ವಾಮಿ ಮಾತ್ರ ಮೂರು ಭಾಷೆಯಲ್ಲೂ, "ಪ್ರಾಣನಾಥಾ, ನನ್ನ ಕೈಬಿಟ್ಟು ಹೋಗುವಿರಾ" ಎಂದು ನಾಟಕದ ರಾಗದಲ್ಲಿ ಅತ್ತ. ಅವಳು ಅಳುತ್ತಿರಲಿಲ್ಲ. ಅವಳು ಹೇಳಿದ್ದು ಅದಲ್ಲ. ಅಷ್ಟು ನನಗೆ ಗೊತ್ತಾಯಿತು. ಆದರೆ ನನಗೆ ಚೆನ್ನಾಗಿ ಕೇಳಿಸಿದ್ದು ಆ ಹೆಸರೊಂದೇ.

ಕೊಂಡಪ್ಪ ಡೇರೆಯ ಕಂಬಕ್ಕೆ ಒರಗಿ ನಿಂತಿದ್ದವನು ಆಗ ನನ್ನ ಕಡೆ ನೋಡಿದ. ನಾನು ನೋಡಿದೊಡನೆ ತಲೆ ತಗ್ಗಿಸಿಕೊಂಡ.

ಇದಾದ ಮೇಲೆ ಜಗಳ, ಬೆಂಕಿ, ಬೆಟ್ಟದ ಸಂದಿಯಲ್ಲಿ ಗುಂಡು. ಬೆನ್‌ನ ಕಡೆಯವರು ಕಡಿಮೆ, ಜಮೀನ್ದಾರನ ಕಡೆಯವರು ಹೆಚ್ಚು. ಅವನ ಭುಜಕ್ಕೆ ಗುಂಡು ತಗುಲಿ ಕುದುರೆಯಿಂದ ಜಾರುವಷ್ಟರಲ್ಲಿ ಪರದೆ ಬೆಳ್ಳಗಾಯಿತು. ಫಿಲಮು ಹರಿಯಿತೇ, ಕೊನೆಯ ಸುರುಳಿಯೇ ಇರಲಿಲ್ಲವೇ, ಯಾರಿಗೂ ತಿಳಿಯದು. ದಿನಾಗಲೂ ಅಲ್ಲಿಗೇ ನಿಲ್ಲುತ್ತದಂತೆ. ಪಾಪಣ್ಣ ಇದನ್ನು ನಮಗೆ ಹೇಳಿರಲಿಲ್ಲ. ಪೆಟ್ರೋಮ್ಯಾಕ್ಸ್ ತಂದಿಟ್ಟರು. ಉಳಿದ ಕಥೆಯನ್ನು ಚಿನ್ನಸ್ವಾಮಿ ಬಾಯಲ್ಲೇ ಹೇಳಿದ.

ತಮಿಳಿನಲ್ಲಿ ಅವನು, ಬೆನ್ ಎಲ್ಲರನ್ನೂ ಗೆದ್ದು ಆ ಸೀಮೆಗೇ ದೊರೆಯಾದ ಎಂದ. ಆ ಕಡೆಯವರು ಚಪ್ಪಾಳೆ ತಟ್ಟಿದರು. ತೆಲುಗಿನಲ್ಲಿ, ಗುಂಡು ಎದೆಗೆ ತಗುಲಿ ಸತ್ತ, ಅವನ ಹೆಸರಿನಲ್ಲಿ ರೈತರು ಗುಡಿ ಕಟ್ಟಿದರು ಎಂದ. ಅಲ್ಲೊಬ್ಬಿಬ್ಬರು ಮೂಗೊರೆಸಿಕೊಂಡರು. ಕನ್ನಡಕ್ಕೆ ಬಂದಾಗ ಕೋಲನ್ನು ಕೆಳಗಿಟ್ಟ. "ನಮ್ಮ ಇನ್ಸ್‌ಪೆಕ್ಟ್ರು ಕುದ್ರೆ ತಿರುಗಿಸ್ಕಂಡು ಸೀದಾ ಮನೇಗ್ ಬಂದ್ರು. ಅಮ್ಮಾವ್ರು ಕಾಲಿಗ್ ನೀರ್ ಕೊಟ್ರು. ಉಣ್ಣಕಿಕ್ಕಿದ್ರು. ಆಯ್ತು, ಎಲ್ರೂ ಮನೇಗ್ ಹೋಗಿ ಉಣ್ರಿ" ಎಂದ.

ಪಾಪಣ್ಣ ಎದ್ದು ಅವನನ್ನು ತಡೆದ. "ಲೇ ಚಿನ್ನಸ್ವಾಮಿ, ದಿನಕ್ಕೊಂದ್ ತರ ಹೇಳ್ತೀಯ. ಸತ್ನೋ, ದೊರೆ ಆದ್ನೋ, ಮನೇಗ್ ಬಂದ್ನೋ? ಯಾವ್ದ್ಲಾ ದಿಟ?"

"ನೀವ್ ಮನೇಲ್ ಯಾವ್ ಮಾತಾಡ್ತೀರೋ ಅದ್ರಾಗ್ ಹೇಳಿದ್ದು ದಿಟ ಕಣಣ್ಣೋ" ಎಂದು ಅವನು ಶಾಲು ಹೊದ್ದುಕೊಂಡು ಹೋದ.

ಗಾಡಿಯಲ್ಲಿ ಬರುವಾಗ ಅಲಮೇಲು, "ಇಂಗ್ಲಿಷ್‌ನಲ್ಲಿ ನಿಜವಾಗ್ಲೂ ಏನಾಗತ್ತಮ್ಮ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಪಾಪಣ್ಣನಿಗೆ ನಿರಾಸೆಯಾಯಿತು. ನಮ್ಮ ಮನೆಯ ಮಾತು ಕನ್ನಡ. ನಾನು ಅದನ್ನೇ ಇಟ್ಟುಕೊಂಡು ಬಂದಿದ್ದೇನೆ.

ಈಗ ಕೆಲಸದ ಮಾತು. ಆಲಸನತ್ತದ ಹೊಲದ ಬದುವನ್ನು ಪಕ್ಕದವನು ಒತ್ತಿಕೊಂಡು ಬರುತ್ತಿದ್ದಾನೆ, ಗಂಡಸರು ಯಾರಾದರೂ ನಿಂತು ಮಾತಾಡಬೇಕು. ಅಲಮೇಲುವಿಗೆ ಕೃಷ್ಣಗಿರಿಯಿಂದ ಒಂದು ಸಂಬಂಧ ಬಂದಿದೆ, ಹುಡುಗ ಮೇಷ್ಟ್ರು, ಒಳ್ಳೆಯವನಂತೆ ಕಾಣುತ್ತಾನೆ. ತಂದೆ ಎಲ್ಲಿ ಎಂದು ಅವರು ಕೇಳಿದರು. ಸಂಕ್ರಾಂತಿಗೆ ಬರುತ್ತಾರೆ ಎಂದು ನಾನು ಹೇಳಿಬಿಟ್ಟಿದ್ದೇನೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ಅದು ಸುಳ್ಳಾಗದಂತೆ ನೋಡಿಕೊಳ್ಳುವುದು ನಿಮಗೆ ಸೇರಿದ್ದು. ಗೋಡೆಯ ಸೊಟ್ಟವನ್ನೂ ಒಂದು ಸಲ ನೋಡಬಹುದು.

ದೇವರು ನಿಮ್ಮನ್ನು ಸುಖವಾಗಿಟ್ಟಿರಲಿ. ಆಶ್ರಮದ ಹಿರಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮಗಳಿಗೆ ಆಶೀರ್ವಾದವನ್ನು ಕಾಗದದಲ್ಲಿ ಕಳಿಸಬೇಡಿ.

ಇಂತಿ,
ಜಾನಕಮ್ಮ

ಇನ್ನೊಂದು ಮಾತು ಉಳಿದಿದೆ. ಮೇಲಿನ ಕಾರಣಗಳೆಲ್ಲ ಕಾರಣಗಳೇ ಅಲ್ಲ.

ಅಂದು ನಾನು ಕರೆದೆ.

ನೀವು ಠಾಣೆಯ ಮೆಟ್ಟಿಲು ಇಳಿದಾಗ ಆವರಣದಲ್ಲೇ ಎದುರಿಗಿದ್ದ ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದೆ. ಅಲಮೇಲು ಹುಟ್ಟುವ ತನಕ ಬಳೆ ಸದ್ದು ಮಾಡಿ ನಿಮ್ಮನ್ನು ಕರೆಯುತ್ತಿದ್ದೆ. ಅವಳು ಹುಟ್ಟಿದ ಮೇಲೆ ಅವಳ ಕೈಲಿ 'ಅಪ್ಪಾ' ಎನ್ನಿಸುತ್ತಿದ್ದೆ. ಅಂದು ಅವಳು ಓದಿಗೆಂದು ಇಲ್ಲಿ ಹೊಸೂರಿನಲ್ಲಿ ನಿಮ್ಮ ತಾಯಿಯ ಹತ್ತಿರ ಇದ್ದಳು. ಬಳೆ ಸದ್ದು ಮಾಡಿದೆ. ನೀವು ಬಿಟ್ಟ ರೈತರ ಆ ವಂದೇ ಮಾತರಂ ಕೂಗಿನಲ್ಲಿ ಬಳೆ ಯಾರಿಗೆ ಕೇಳೀತು? ಚೊಂಬಿನಿಂದ ಬಾಗಿಲವಾಡಕ್ಕೆ ಬಡಿದೆ, ಮತ್ತೆ ಬಡಿದೆ. ಅದು ಕೈಜಾರಿ ನೆಗ್ಗಿದ್ದಲ್ಲ. ಆಮೇಲೆ ಅಂಗಳಕ್ಕೆ ಇಳಿದು, "ರೀ, ಇಲ್ನೋಡಿ" ಎಂದು ಕೂಗಿದೆ. ಜನರ ಮುಂದೆ ನಿಂತು ನಾನು ಗಂಟಲೆತ್ತಿದ್ದು ಅದೊಂದೇ ಸಲ.

ತಿರುಗಿದವನು ಕೊಂಡಪ್ಪ. "ಏನಮ್ಮಾವ್ರೇ, ಕರುದ್ರಾ?" ಎಂದ.

"ಇಲ್ಲಪ್ಪ, ನಿನ್ನನ್ನಲ್ಲ" ಎಂದೆ. ಅಷ್ಟರಲ್ಲಿ ನೀವು ಗೇಟು ದಾಟಿದ್ದಿರಿ. ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆಯಲಿಲ್ಲ.

ನಿಲ್ಲಿ ಎಂದು ಹೇಳುವುದಕ್ಕೆ ಕರೆದದ್ದಲ್ಲ. ನೀವು ಮಾಡಿದ್ದು ಸರಿ ಎಂದು ನನಗೆ ಅಂದೇ ಗೊತ್ತಿತ್ತು. ಕಾನ್‌ಸ್ಟೇಬಲ್‌ಗಳಿಗೆ, ತರಕಾರಿಯವನಿಗೆ, ಕಲಾಯಿಯವನಿಗೆ, ನಮ್ಮ ಮನೆಯ ಹೊಸಿಲು ದಾಟಿದ ಯಾರಿಗೂ ನಾನು 'ಹೋಗಿ ಬನ್ನಿ' ಎನ್ನದೆ ಕಳಿಸಿದವಳಲ್ಲ. ನಿಮಗೊಬ್ಬರಿಗೆ ಅದನ್ನು ಹೇಳಲಾಗಲಿಲ್ಲ. ಹೇಳದೆ ಹೋದದ್ದರಿಂದಲೇ ನೀವು ಬಂದಿಲ್ಲ ಎಂದು ಪ್ರತಿದಿನ ಚೊಂಬು ತೊಳೆಯುವಾಗ ನನಗೆ ಅನ್ನಿಸುತ್ತದೆ.

ಅಲಮೇಲು ಶಾಲೆಗೆ ಹೋಗಿದ್ದಾಳೆ. ಲಕೋಟೆಯನ್ನು ಅವಳಿಗೆ ತೋರಿಸಲಿಲ್ಲ. ವಿಳಾಸ ನಾನೇ ಬರೆದಿದ್ದೇನೆ. ಮೊದಲನೆಯ ಸಾಲಿನಲ್ಲಿ ಮಸಿ ಸ್ವಲ್ಪ ಹರಡಿದೆ. ಕಾಗದ ಬಿಡಿಸುವ ಮೊದಲೇ ನೀವು ಅದನ್ನು ನೋಡಿರುತ್ತೀರಿ, ಯಾರ ಅಕ್ಷರ ಎಂದು ಯೋಚಿಸಿರುತ್ತೀರಿ.

ಡಿಸೆಂಬರಿನ ಕಾಗದ ಹರಿದುಹಾಕಿ. ಆಕ್ಷೇಪಣೆ ಇದೆ. ಹೋಗುವುದಕ್ಕಲ್ಲ, ನಾನು ಹೇಳಬೇಕಾದ್ದನ್ನು ಕೇಳದೆ ಹೋಗುವುದಕ್ಕೆ.

ಸುಬ್ಬರಾಮ, ತಿರುಗಿ ನೋಡಿ.